ಯಾತ್ರೆಯ ಭಾರ ಯಾರ ಹೆಗಲಿಗೆ?

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಸಾಂಟಿಯಾಗೊ ದೆ ಕಾಂಪೊಸ್ಟೆಲಾ ಎಂಬ ಊರಿದೆ. ಯುರೋಪಿನ ಕ್ರೈಸ್ತರು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಯಾತ್ರೆ ಹೋಗುತ್ತಿರುವ ಊರು ಅದು. ಯಾತ್ರೆ ಮುಗಿಸಿ ಬಂದವರಿಗೆ ಅಲ್ಲಿಯ ಯಾತ್ರಿಕರ ಕಚೇರಿಯಲ್ಲಿ ಲ್ಯಾಟಿನ್ ಭಾಷೆಯ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಪಡೆಯಲು ಒಂದು ನಿಯಮವಿದೆ. ನಡೆದು ಬಂದವನು ಕನಿಷ್ಠ 100 ಕಿ.ಮೀ. ನಡೆದಿರಬೇಕು. ಕುದುರೆಯ ಮೇಲೆ ಬಂದವನಿಗೂ 100 ಕಿ.ಮೀ. ಸಾಕು. ಆದರೆ ಸೈಕಲ್ ತುಳಿದು ಬಂದವನು 200 ಕಿ.ಮೀ. ಕ್ರಮಿಸಿರಬೇಕು. ದಾರಿಯ ಇಗರ್ಜಿಗಳಲ್ಲಿ, ಮುಸಾಫಿರ್‌ಖಾನೆಗಳಲ್ಲಿ, ಹೋಟೆಲುಗಳಲ್ಲಿ ಹಾಕಿಸಿಕೊಂಡ ಮೊಹರುಗಳೇ ಇದಕ್ಕೆ ಸಾಕ್ಷಿ.

ಮೇಲ್ನೋಟಕ್ಕೆ ಇದು ಬರೀ ಲೆಕ್ಕದ ಮಾತು. ಸೈಕಲ್ಲಿನ ವೇಗ ಹೆಚ್ಚು, ಆದ್ದರಿಂದ ದೂರವೂ ಹೆಚ್ಚಿರಲಿ ಎಂಬುದು. ಆದರೆ ತುಸು ಯೋಚಿಸಿದರೆ ಎಲ್ಲ ಧರ್ಮಗಳಿಗೂ ಸಂಬಂಧಪಟ್ಟ ಹಳೆಯ ಪ್ರಶ್ನೆಯೊಂದು ಇದರೊಳಗೆ ಇರುವುದು ಕಾಣುತ್ತದೆ. ಯಾತ್ರೆಯ ಫಲ ಇರುವುದು ಎಲ್ಲಿ? ಪಟ್ಟ ಶ್ರಮದಲ್ಲೋ, ಕ್ರಮಿಸಿದ ದೂರದಲ್ಲೋ, ತಲುಪಿದ ಜಾಗದಲ್ಲೋ? ಶ್ರಮವೇ ಮುಖ್ಯ ಎನ್ನುವುದಾದರೆ ಕುದುರೆಯ ಮೇಲೆ ಕುಳಿತವನಿಗೂ ನಡೆಯುವವನಿಗೂ ಒಂದೇ ದೂರ ಯಾಕೆ? ಅಲ್ಲಿ ಬೆವರು ಹರಿಸಿದ್ದು ಕುದುರೆ. ಸೈಕಲ್ಲಿನವನಾದರೋ ತನ್ನ ಮೈಭಾರವನ್ನೂ ಚೀಲದ ಭಾರವನ್ನೂ ತನ್ನ ಕಾಲುಗಳಿಂದಲೇ ಎಳೆಯುತ್ತಾನೆ. ಅವನಿಗೆ ದುಪ್ಪಟ್ಟು ದೂರ. ಕುದುರೆಯ ಶ್ರಮ ಯಾರ ಖಾತೆಗೂ ಜಮೆಯಾಗುವುದಿಲ್ಲ.

ಕುದುರೆಯ ಈ ವಿಷಯ ಚಿಕ್ಕದೆಂದು ತೋರಬಹುದು. ಆದರೆ ಈ ದಾರಿಯ ಚರಿತ್ರೆಯನ್ನು ಓದುತ್ತ ಹೋದ ಹಾಗೆ, ಯಾತ್ರೆಯ ಬಗ್ಗೆ ಕೇಳಬೇಕಾದ ನಿಜವಾದ ಪ್ರಶ್ನೆ ಅಲ್ಲಿಯೇ ಇದೆ ಅನ್ನಿಸುತ್ತದೆ. ಎಷ್ಟು ದೂರ ಬಂದೆ ಎಂಬುದಕ್ಕಿಂತ, ನಿನ್ನ ಯಾತ್ರೆಯ ಭಾರವನ್ನು ಯಾರು ಹೊತ್ತರು ಎಂಬ ಪ್ರಶ್ನೆ.

ದಾರಿಯ ಪರಿಚಯ ಮೊದಲು ಆಗಲಿ. ಸ್ಪ್ಯಾನಿಷ್ ಭಾಷೆಯಲ್ಲಿ ಇದನ್ನು ಕಮೀನೊ ಎನ್ನುತ್ತಾರೆ. ಕಮೀನೊ ಎಂದರೆ ದಾರಿ, ಅಷ್ಟೇ. ಇದಕ್ಕೆ ಹಲವು ಕವಲುಗಳಿವೆ. ಹೆಚ್ಚು ಪ್ರಸಿದ್ಧವಾದದ್ದು ಫ್ರಾನ್ಸಿನ ಗಡಿಯಿಂದ ಪಿರನೀಸ್ ಪರ್ವತ ದಾಟಿ ಬರುವ ಸುಮಾರು 780 ಕಿ.ಮೀ.ಗಳ ಕವಲು. ಪಾಂಪ್ಲೋನಾ, ಲೊಗ್ರೋನ್ಯೊ, ಬುರ್ಗೋಸ್, ಲಿಯೋನ್, ಆಸ್ಟೋರ್ಗಾ ಮುಂತಾದ ಹಳೆಯ ಪಟ್ಟಣಗಳನ್ನು ಅದು ಪೋಣಿಸಿಕೊಂಡು ಹೋಗುತ್ತದೆ. ನಡೆಯುವವರು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿ.ಮೀ.ಯಂತೆ ತಿಂಗಳು ಮೇಲ್ಪಟ್ಟು ನಡೆಯುತ್ತಾರೆ. ಸೈಕಲ್ಲಿನವರು ದಿನಕ್ಕೆ ಐವತ್ತು ಅರುವತ್ತು ಕಿ.ಮೀ. ತುಳಿದು ಎರಡು ವಾರಗಳಲ್ಲಿ ಮುಗಿಸುತ್ತಾರೆ. 2024ರಲ್ಲಿ ಹತ್ತಿರ ಹತ್ತಿರ ಐದು ಲಕ್ಷ ಯಾತ್ರಿಕರು ಆ ಕಚೇರಿಯಲ್ಲಿ ಹೆಸರು ಬರೆಸಿದರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ನಡೆದು ಬಂದವರು. ಸೈಕಲ್ಲಿನವರು ನೂರಕ್ಕೆ ಐದರ ಆಸುಪಾಸು.

ಹೀಗೆ ಸೈಕಲ್ಲಿನವರು ಅಲ್ಲಿ ಅಲ್ಪಸಂಖ್ಯಾತರು. ಅಲ್ಪಸಂಖ್ಯಾತರ ಮೇಲೆ ಇರುವ ಮಾತುಗಳು ಅವರ ಮೇಲೂ ಇವೆ. ಇವರು ನಿಜವಾದ ಯಾತ್ರಿಕರಲ್ಲ, ಆಟಕ್ಕೆ ಬಂದವರು, ಹಿಂದಿನಿಂದ ಬೆಲ್ ಹೊಡೆದು ದಾರಿ ಬಿಡಿಸಿಕೊಳ್ಳುವವರು ಎಂದು ನಡೆಯುವವರು ಗೊಣಗುತ್ತಾರೆ. ಸರಕಾರಿ ಮುಸಾಫಿರ್‌ಖಾನೆಗಳಲ್ಲಿ ಹಾಸಿಗೆ ಕೊಡುವಾಗ ಅನೇಕ ಕಡೆ ಮೊದಲ ಸರದಿ ನಡೆದು ಬಂದವರದು. ಸೈಕಲ್ಲಿನವನು ಸಂಜೆಯವರೆಗೆ ಹೊರಗೆ ಕಾಯಬೇಕು. ಆದರೆ ಅವನ ಪಾಡೂ ಸುಲಭದ್ದಲ್ಲ. ಓ ಸೆಬ್ರೇರೊ ಎಂಬ ಬೆಟ್ಟದೂರು ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಆ ಏರನ್ನು ತುಂಬಿದ ಚೀಲಗಳನ್ನು ಕಟ್ಟಿದ ಸೈಕಲ್ಲಿನಲ್ಲಿ ಹತ್ತಬೇಕು. ಇಳಿಜಾರುಗಳು ಇನ್ನೂ ಅಪಾಯದವು. ಎಲ್ ಅಸೆಬೊ ಎಂಬ ಹಳ್ಳಿಯ ಹೊರಗೆ ಸೈಕಲ್ಲಿನ ಆಕಾರದ ಒಂದು ಸ್ಮಾರಕವಿದೆ. ಅಲ್ಲಿಯ ಇಳಿಜಾರಿನಲ್ಲಿ ಪ್ರಾಣ ಬಿಟ್ಟ ಒಬ್ಬ ಜರ್ಮನ್ ಸೈಕಲ್ ಯಾತ್ರಿಕನ ನೆನಪಿಗೆ ಇಟ್ಟದ್ದು ಅದು.

ಹೆಚ್ಚು ಕಷ್ಟಪಟ್ಟವನಿಗೆ ಹೆಚ್ಚು ಪುಣ್ಯ ಎಂಬ ನಂಬಿಕೆ ನಮ್ಮಲ್ಲೂ ಇದೆ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕಷ್ಟಪಟ್ಟು ಪಡೆದದ್ದರ ಬೆಲೆ ಪಡೆದವನಿಗೆ ಗೊತ್ತಿರುತ್ತದೆ. ಆದರೆ ಪ್ರವಾದಿವರ್ಯರ(ಸ) ಕಾಲದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದು ಬಂದಿದೆ. ಒಬ್ಬ ಮುದುಕ ತನ್ನ ಇಬ್ಬರು ಮಕ್ಕಳ ನಡುವೆ ಅವರ ಆಸರೆ ಹಿಡಿದು ಕಾಲೆಳೆದುಕೊಂಡು ಹೋಗುತ್ತಿದ್ದ. ಏನಿದು ಎಂದು ವಿಚಾರಿಸಿದಾಗ, ಕಾಬಾದವರೆಗೆ ನಡೆದೇ ಹೋಗುವ ಹರಕೆ ಹೊತ್ತಿದ್ದಾನೆ ಎಂದರು. ಈತ ತನ್ನನ್ನು ತಾನು ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಾಗಿಲ್ಲ ಎಂಬ ಅರ್ಥದ ಮಾತನ್ನು ಪ್ರವಾದಿವರ್ಯರು(ಸ) ಹೇಳಿ, ವಾಹನವೇರಲು ಅಪ್ಪಣೆ ಮಾಡಿದರು.

ಈ ಹದೀಸನ್ನು ಸಾಮಾನ್ಯವಾಗಿ ಧರ್ಮದ ಸುಲಭತೆಗೆ ಉದಾಹರಣೆಯಾಗಿ ಹೇಳುತ್ತಾರೆ. ಅದು ಸರಿ. ಆದರೆ ಆ ಚಿತ್ರದಲ್ಲಿ ಇನ್ನಿಬ್ಬರಿದ್ದಾರೆ. ಅಪ್ಪನ ಭಾರ ಹೊತ್ತ ಮಕ್ಕಳು. ಹರಕೆ ಹೊತ್ತವನು ಅಪ್ಪ. ಅದು ತೀರುತ್ತಿದ್ದದ್ದು ಮಕ್ಕಳ ಹೆಗಲಿನಿಂದ. ಮುದುಕ ವಾಹನವೇರಿದಾಗ ಬಿಡುಗಡೆ ಸಿಕ್ಕಿದ್ದು ಅವನೊಬ್ಬನಿಗೆ ಮಾತ್ರವಲ್ಲ.

ನಾನು ಚಿಕ್ಕವನಿದ್ದಾಗ ಅಬ್ಬಾ ನಮ್ಮ ದಾದಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಪಕ್ಕದೂರಿನ ಉರೂಸಿಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಒಂದು ಏರು. ಏರು ಬಂದ ಕೂಡಲೇ ದಾದಿ ಇಳಿಸು ಎನ್ನುತ್ತಿದ್ದರು. ಮಂಡಿನೋವಿನವರು, ಕೂತಿರಿ ಎಂದು ಅಬ್ಬಾ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. "ಮನ್ನತ್ ಮೇರೀ ಹೈ ಬಾವಾ, ದಮ್ ತೇರಾ ಕ್ಯೂಂ ಜಾನಾ?" ಎಂದು ಇಳಿದು, ಬುರ್ಖಾ ಎತ್ತಿ ಹಿಡಿದುಕೊಂಡು ನಡೆಯುತ್ತಿದ್ದರು. ಹರಕೆ ನನ್ನದು ಮಗಾ, ಉಸಿರು ನಿನ್ನದು ಯಾಕೆ ಹೋಗಬೇಕು ಎಂಬುದು ಆ ದಖ್ಖನಿ ಮಾತಿನ ಅರ್ಥ. ದಾದಿ ಓದಿದವರಲ್ಲ. ಒಬ್ಬನ ಹೊರೆಯನ್ನು ಇನ್ನೊಬ್ಬನ ಮೇಲೆ ಹೊರಿಸಲಾಗದು ಎಂಬ ತತ್ವ ಕುರ್‌ಆನಿನಲ್ಲಿ ಹಲವು ಕಡೆ ಬರುತ್ತದೆ. ಅದು ಪರಲೋಕದ ಲೆಕ್ಕದ ಮಾತು. ದಾದಿ ಅದನ್ನು ಆ ಏರಿಗೂ ಅನ್ವಯಿಸಿದ್ದರು.

ಸ್ಪೇನಿನ ದಾರಿಯಲ್ಲೂ ಇಂಥದೇ ತಿಳಿವಳಿಕೆಗೆ ಒಂದು ಕಲ್ಲಿನ ಸಾಕ್ಷಿ ಇದೆ. ಓ ಸೆಬ್ರೇರೊ ಏರು ಶುರುವಾಗುವ ಮೊದಲು ವಿಲ್ಯಾಫ್ರಾಂಕಾ ದೆಲ್ ಬಿಯೆರ್ಸೊ ಎಂಬ ಪಟ್ಟಣ ಸಿಗುತ್ತದೆ. ಅಲ್ಲಿಯ ಹಳೆಯ ಇಗರ್ಜಿಗೆ ಕ್ಷಮೆಯ ಬಾಗಿಲು ಎಂದು ಕರೆಯುವ ಒಂದು ಬಾಗಿಲಿದೆ. ಕಾಯಿಲೆ ಬಿದ್ದು ಮುಂದೆ ಹೋಗಲಾರದ ಯಾತ್ರಿಕ ಆ ಬಾಗಿಲನ್ನು ಮುಟ್ಟಿದರೆ, ಸಾಂಟಿಯಾಗೊ ತಲುಪಿದವನಿಗೆ ಸಿಗುವ ಕ್ಷಮೆಯೇ ಅವನಿಗೂ ಸಿಗುತ್ತದೆ ಎಂದು ಮಧ್ಯಯುಗದಲ್ಲೇ ಗೊತ್ತುಮಾಡಿದ್ದರು. ಅಲ್ಲಿಂದ ಸಾಂಟಿಯಾಗೊಗೆ ಇನ್ನೂ ಎಷ್ಟೋ ದಿನಗಳ ದಾರಿ ಇತ್ತು. ಅಂದರೆ ಕಿಲೋಮೀಟರಿನ ಲೆಕ್ಕ ಕೊನೆಯ ಲೆಕ್ಕವಲ್ಲ ಎಂಬುದು ಆ ದಾರಿಯನ್ನು ಕಟ್ಟಿದವರಿಗೂ ಗೊತ್ತಿತ್ತು.

ಆದರೆ ಅದೇ ಕಾಲದಲ್ಲಿ ಇನ್ನೊಂದು ಬಗೆಯ ಸುಲಭವೂ ಇತ್ತು. ಈಗಿನ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಪಟ್ಟಣಗಳ ನ್ಯಾಯಾಲಯಗಳು ಅಪರಾಧಿಗಳಿಗೆ ಸಾಂಟಿಯಾಗೊ ಯಾತ್ರೆಯನ್ನೇ ಶಿಕ್ಷೆಯಾಗಿ ವಿಧಿಸುತ್ತಿದ್ದವು. ಹಣವಂತರು ಗೊತ್ತಾದ ಮೊತ್ತ ಕಟ್ಟಿ ಆ ಶಿಕ್ಷೆಯಿಂದ ಪಾರಾಗುತ್ತಿದ್ದರು. ತಮ್ಮ ಬದಲು ಬಡವನೊಬ್ಬನಿಗೆ ಕೂಲಿ ಕೊಟ್ಟು ಕಳಿಸುವುದೂ ನಡೆದಿತ್ತು. ಕಾಯಿಲೆಯವನು ಕ್ಷಮೆಯ ಬಾಗಿಲು ಮುಟ್ಟಿದ್ದು, ಹಣವಂತ ಕೂಲಿಯವನನ್ನು ಕಳಿಸಿದ್ದು, ಎರಡರಲ್ಲೂ ಯಾತ್ರಿಕನ ಶ್ರಮ ಕಡಿಮೆಯಾಯಿತು. ಆದರೂ ಎರಡನ್ನೂ ಒಂದೇ ಎಂದು ಯಾರೂ ಹೇಳಲಾರರು. ಮೊದಲನೆಯದರಲ್ಲಿ ಭಾರ ಇಳಿಯಿತು. ಎರಡನೆಯದರಲ್ಲಿ ಭಾರ ಇನ್ನೊಬ್ಬನ ಹೆಗಲಿಗೆ ಹೋಯಿತು. ಶ್ರಮವನ್ನು ಮಾತ್ರ ಅಳೆಯುವ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ.

ಇದೇ ಪ್ರಶ್ನೆಯನ್ನು ಹಿಡಿದು ಈ ದಾರಿಯ ಚರಿತ್ರೆಯೊಳಗೆ ಹೋದರೆ, ನಮ್ಮ ಮನಸ್ಸಿಗೆ ತುಸು ಕಷ್ಟವಾಗುವ ಜಾಗಗಳು ಬರುತ್ತವೆ.

ಉರ್ದು ಶಾಲೆಯಲ್ಲಿ ಓದಿದವರಿಗೆ ಸ್ಪೇನ್ ಎಂದರೆ ಅಂದಲುಸ್. ಕುರ್ತುಬಾ, ಗರ್ನಾತಾ ಎಂಬ ಹೆಸರುಗಳನ್ನು ಮೇಷ್ಟ್ರು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಇಕ್ಬಾಲರು 1933ರಲ್ಲಿ ಕುರ್ತುಬಾದ ಮಸೀದಿಯನ್ನು ಕಂಡು ಬರೆದ ಕವಿತೆಯನ್ನು ನಾವು ಬಾಯಿಪಾಠ ಮಾಡಿದೆವು. ಆದರೆ ಆ ಪಾಠಗಳಲ್ಲಿ ಸ್ಪೇನಿನ ಉತ್ತರದ ಈ ದಾರಿ ಇರಲಿಲ್ಲ. ಇರುವುದು ಕಷ್ಟವೇ, ಯಾಕೆಂದರೆ ಈ ದಾರಿಯ ಸಂತನಿಗೆ ಒಂದು ಬಿರುದಿದೆ. ಮತಾಮೋರೊಸ್. ಮೂರರನ್ನು, ಅಂದರೆ ಮುಸ್ಲಿಮರನ್ನು ಕೊಲ್ಲುವವನು ಎಂದು ಅರ್ಥ.

ಸಾಂಟಿಯಾಗೊ ಎಂಬ ಹೆಸರು ಸಂತ ಯಾಕೊಬನಿಂದ ಬಂದದ್ದು. ಅರಬ್ ಚರಿತ್ರೆಕಾರರು ಆ ಊರನ್ನು ಶಂತ್ ಯಾಕೂಬ್ ಎಂದು ಬರೆದರು. ಈತ ಯೇಸುವಿನ, ಅಂದರೆ ನಾವು ಪ್ರವಾದಿ ಈಸಾ(ಅ) ಎಂದು ಗೌರವಿಸುವವರ ನೇರ ಶಿಷ್ಯ. ಕುರ್‌ಆನ್ ಆ ಶಿಷ್ಯರನ್ನು ಹವಾರಿಗಳೆಂದು ಆದರದಿಂದ ನೆನೆಯುತ್ತದೆ. ಬೈಬಲ್ಲಿನ ಪ್ರಕಾರ ಯಾಕೊಬ ಕತ್ತಿಗೆ ಬಲಿಯಾದವನು, ಕತ್ತಿ ಹಿಡಿದವನಲ್ಲ. ಅವನ ಸಮಾಧಿ ಇಲ್ಲಿದೆ ಎಂಬ ನಂಬಿಕೆ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿತು. ಆಮೇಲೆ ಒಂದು ದಂತಕಥೆ ಬೆಳೆಯಿತು. 844ರಲ್ಲಿ ಲೊಗ್ರೋನ್ಯೊ ಹತ್ತಿರದ ಕ್ಲಾವಿಹೊ ಎಂಬಲ್ಲಿ ನಡೆದ ಯುದ್ಧದಲ್ಲಿ ಸಂತನು ಬಿಳಿ ಕುದುರೆಯೇರಿ ಬಂದು ಮುಸ್ಲಿಮ್ ಸೈನ್ಯವನ್ನು ತುಳಿದನಂತೆ. ಆ ಯುದ್ಧ ನಡೆದೇ ಇಲ್ಲ ಎನ್ನುವುದು ಇಂದಿನ ಇತಿಹಾಸಕಾರರ ಅಭಿಪ್ರಾಯ. ಆದರೆ ನಡೆಯದ ಯುದ್ಧದ ಹೆಸರಿನಲ್ಲಿ ಒಂದು ನಕಲಿ ದಾಖಲೆ ತಯಾರಾಯಿತು. ಅದರ ಬಲದಿಂದ ರೈತರು ವರ್ಷವರ್ಷವೂ ಸಾಂಟಿಯಾಗೊದ ಇಗರ್ಜಿಗೆ ದವಸ ಅಳೆಯಬೇಕಾಯಿತು. ಆ ತೆರಿಗೆ ಪೂರ್ತಿ ಹೋದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮುಸ್ಲಿಮರನ್ನು ತುಳಿದ ಕಥೆಯ ಭಾರವನ್ನು ಶತಮಾನಗಳ ಕಾಲ ಹೊತ್ತವರು ಸ್ಪೇನಿನ ಬಡ ಕ್ರೈಸ್ತ ರೈತರು ಎಂಬುದನ್ನು ಗಮನಿಸಬೇಕು.

ಯಾತ್ರಿಕರು ಪಿರನೀಸ್ ದಾಟಿ ಇಳಿಯುವ ರೊನ್ಸೆಸ್ವಾಯೆಸ್ ಕಥೆಯೂ ಇಂಥದೇ. 778ರಲ್ಲಿ ಅಲ್ಲಿ ಶಾರ್ಲೆಮೇನ್ ದೊರೆಯ ಹಿಂಬದಿ ಸೈನ್ಯದ ಮೇಲೆ ಬಿದ್ದವರು ಬಾಸ್ಕ್ ಜನ. ಅವರ ಪಾಂಪ್ಲೋನಾ ಪಟ್ಟಣದ ಗೋಡೆಗಳನ್ನು ದೊರೆ ಕೆಡವಿಸಿದ್ದ. ಮುನ್ನೂರು ವರ್ಷಗಳ ಮೇಲೆ ಹುಟ್ಟಿದ ರೋಲಾನನ ಗೀತೆಯಲ್ಲಿ ಅದೇ ಬಾಸ್ಕರು ಮುಸ್ಲಿಮರಾದರು. ಕವಿಗೆ ವೈರಿ ಬೇಕಾಗಿತ್ತು, ಸಿಕ್ಕ ಹೆಸರನ್ನು ಹಾಕಿದ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಮ್ಮ ಮನಸ್ಸಿಗೆ ಸಮಾಧಾನವಾಗುತ್ತದೆ. ನೋಡಿ, ನಮಗೆ ಎಷ್ಟು ಅನ್ಯಾಯವಾಗಿದೆ ಎನ್ನಬಹುದು. ಆದರೆ 997ನೆಯ ಇಸವಿಯನ್ನು ಬಿಟ್ಟು ಈ ಚರಿತ್ರೆ ಹೇಳಿದರೆ ಅದು ಪ್ರಾಮಾಣಿಕವಾಗುವುದಿಲ್ಲ.

ಆ ವರ್ಷ ಕುರ್ತುಬಾದ ಹಾಜಿಬ್ ಅಲ್-ಮನ್ಸೂರ್ ದಂಡೆತ್ತಿ ಬಂದು ಸಾಂಟಿಯಾಗೊ ಪಟ್ಟಣವನ್ನು ಹಾಳುಮಾಡಿದ, ಇಗರ್ಜಿಯನ್ನು ಕೆಡವಿಸಿದ. ಅವನ ದಂಡಿನಲ್ಲಿ ಕ್ರೈಸ್ತ ಸರದಾರರೂ ಇದ್ದರು. ಸಮಾಧಿಯನ್ನು ಮಾತ್ರ ಮುಟ್ಟಬಾರದೆಂದು ಅಪ್ಪಣೆ ಮಾಡಿದ, ಅದರ ಬಳಿ ಕುಳಿತಿದ್ದ ಮುದಿ ಸನ್ಯಾಸಿಯೊಬ್ಬನನ್ನು ತಂಟೆಯಿಲ್ಲದೆ ಬಿಟ್ಟ ಎಂಬ ಕಥೆಯೂ ಇದೆ. ಆದರೆ ಇಗರ್ಜಿಯ ಗಂಟೆಗಳನ್ನು ಇಳಿಸಿ, ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ, ನೂರಾರು ಮೈಲಿ ದೂರದ ಕುರ್ತುಬಾಕ್ಕೆ ಸಾಗಿಸಿದ ಎಂದು ಚರಿತ್ರೆಕಾರರು ಬರೆದಿದ್ದಾರೆ. ಆ ಗಂಟೆಗಳು ದೊಡ್ಡ ಮಸೀದಿಯಲ್ಲಿ ದೀಪಗಳಾಗಿ ತೂಗಿದವಂತೆ. 1236ರಲ್ಲಿ ದೊರೆ ಮೂರನೆಯ ಫರ್ಡಿನಾಂಡ್ ಕುರ್ತುಬಾವನ್ನು ಗೆದ್ದ. ಅವನು ಆ ಗಂಟೆಗಳನ್ನು ಇಳಿಸಿ, ಈ ಸಲ ಮುಸ್ಲಿಮ್ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಸಾಂಟಿಯಾಗೊಗೆ ವಾಪಸು ಕಳಿಸಿದ.

ಎರಡು ಧರ್ಮದ ಇಬ್ಬರು ಆಳುವವರು, ನಡುವೆ 239 ವರ್ಷಗಳ ಅಂತರ. ಆದರೆ ಇಬ್ಬರಿಗೂ ಹೊಳೆದದ್ದು ಒಂದೇ. ಗಂಟೆಯ ತೂಕ ಎರಡೂ ಸಲ ಅಷ್ಟೇ ಇದ್ದಿರಬೇಕು. ಹೆಗಲು ಮಾತ್ರ ಬದಲಾಯಿತು. ಮೊದಲ ಸಲ ಹೊತ್ತವನ ನೋವೂ ಎರಡನೆಯ ಸಲ ಹೊತ್ತವನ ನೋವೂ ಬೇರೆಬೇರೆ ಆಗಿರಲಿಲ್ಲ. 1236ನ್ನು ನೆನೆದು ಕಣ್ಣೊರೆಸಿಕೊಳ್ಳುವವನು 997ನ್ನು ಮರೆತರೆ, ಅಥವಾ 997ನ್ನು ನೆನೆದು ಸಿಟ್ಟಾಗುವವನು 1236ನ್ನು ಮರೆತರೆ, ಅವನಿಗೆ ಕಂಡದ್ದು ಗಂಟೆ ಮಾತ್ರ, ಮನುಷ್ಯ ಅಲ್ಲ. ಮೊರಾಕ್ಕೋದ ಚರಿತ್ರೆಕಾರ ಇಬ್ನ್ ಇದಾರಿ ಆ ದಂಡಯಾತ್ರೆಯ ಬಗ್ಗೆ ಬರೆಯುವಾಗ, ನಮಗೆ ಕಾಬಾ ಹೇಗೋ ಅವರಿಗೆ ಆ ಇಗರ್ಜಿ ಹಾಗೆ ಎಂಬ ಅರ್ಥದ ಮಾತನ್ನು ಸೇರಿಸಿದ್ದಾನೆ. ಅವರ ನಂಬಿಕೆಯ ಬೆಲೆ ಏನೆಂದು ನಮ್ಮವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಗಲಿಗೆ ಹೊರಿಸಿದ್ದೇ ವಿಷಾದದ ಸಂಗತಿ.

ಕುದುರೆಯ ಕಾಲಡಿ ಮುಸ್ಲಿಮರು ಬಿದ್ದಿರುವ ಹದಿನೆಂಟನೆಯ ಶತಮಾನದ ಮೂರ್ತಿಯೊಂದು ಸಾಂಟಿಯಾಗೊ ಇಗರ್ಜಿಯಲ್ಲಿದೆ. 2004ರಲ್ಲಿ ಅದನ್ನು ಅಲ್ಲಿಂದ ತೆಗೆದು ವಸ್ತುಸಂಗ್ರಹಾಲಯಕ್ಕೆ ಸಾಗಿಸುವ ಸುದ್ದಿ ಬಂತು. ಜನರ ವಿರೋಧ ಎದ್ದಿತು, ಮೂರ್ತಿ ಅಲ್ಲೇ ಉಳಿಯಿತು. ತುಳಿತಕ್ಕೆ ಸಿಕ್ಕವರನ್ನು ಹೂಗಳಿಂದ ಮುಚ್ಚುವ ಉಪಾಯವನ್ನು ಹೂಡಲಾಯಿತು. ಹೂವಿನ ಮೇಲೆ ಸಂತ, ಕುದುರೆ, ಕತ್ತಿ ಕಾಣುತ್ತವೆ. ಕತ್ತಿ ಯಾರ ಮೇಲೆ ಬೀಸಿದ್ದು ಎಂಬುದು ಕಾಣುವುದಿಲ್ಲ.

ಆ ಹೂವಿನ ಹಿಂದೆ ಸೌಜನ್ಯ ಇದ್ದೀತು. ಆದರೆ ನನಗೆ ಅದು ಸರಿಯೆನಿಸುವುದಿಲ್ಲ. ಮೂರ್ತಿಯನ್ನು ಒಡೆಯಬೇಕೆಂದು ಹೇಳುತ್ತಿಲ್ಲ. ಒಡೆದರೆ ಇನ್ನೊಂದು 997 ಆಗುತ್ತದೆ. ತುಳಿದ ಕುದುರೆಯನ್ನು ತೋರಿಸುವುದಾದರೆ ತುಳಿತಕ್ಕೆ ಒಳಗಾದವರನ್ನೂ ತೋರಿಸಬೇಕು, ಪಕ್ಕದಲ್ಲಿ ಗಂಟೆಗಳ ಕಥೆಯನ್ನು ಎರಡೂ ಸಲದ್ದು ಬರೆದಿಡಬೇಕು. ಈ ಮರೆಮಾಚುವಿಕೆಯ ಬಗ್ಗೆ ಇನ್ನೊಂದು ಸಂಗತಿ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, 1937ರಲ್ಲಿ, ಸರ್ವಾಧಿಕಾರಿ ಫ್ರಾಂಕೊ ಇದೇ ಸಂತನನ್ನು ಮತ್ತೆ ದೇಶದ ಪಾಲಕ ಸಂತನೆಂದು ಘೋಷಿಸಿದ. ಅವನ ಪರವಾಗಿ ಆ ಯುದ್ಧದಲ್ಲಿ ಸತ್ತವರಲ್ಲಿ ಮೊರಾಕ್ಕೋದಿಂದ ಕರೆತಂದ ಸಾವಿರಾರು ಮುಸ್ಲಿಮ್ ಸಿಪಾಯಿಗಳಿದ್ದರು. ಮುಸ್ಲಿಮರನ್ನು ಕೊಲ್ಲುವ ಸಂತನ ನೆರಳಿನಲ್ಲಿ ಬಡ ಮುಸ್ಲಿಮರ ಹೆಗಲೂ ಬೇಕಾಯಿತು.

ಹಾಗಾದರೆ ಈ ದಾರಿಯೇ ಕೆಟ್ಟದ್ದೇ? ಅಲ್ಲ. ಬೇರೆಯವರ ಹೆಗಲಿಗೆ ಭಾರ ಹೊರಿಸಿದವರ ಜೊತೆಗೇ, ಬೇರೆಯವರ ಭಾರವನ್ನು ತಾವೇ ಹೊತ್ತವರೂ ಈ ದಾರಿಯಲ್ಲಿದ್ದರು. ಹನ್ನೊಂದನೆಯ ಶತಮಾನದಲ್ಲಿ ದೊಮಿಂಗೊ ಎಂಬ ಒಬ್ಬ ಸಾಧಾರಣ ಮನುಷ್ಯನಿದ್ದ. ಮಠಗಳು ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಓಹಾ ನದಿಯ ದಂಡೆಯ ಕಾಡಿನಲ್ಲಿ ಒಬ್ಬಂಟಿಯಾಗಿ ನೆಲೆಸಿ, ಕಾಡು ಕಡಿದು ಯಾತ್ರಿಕರಿಗೆ ದಾರಿ ಮಾಡಿದ, ಸೇತುವೆ ಕಟ್ಟಿದ, ತಂಗಲು ಆಸರೆ ಮಾಡಿದ. 1109ರಲ್ಲಿ ತೀರಿಕೊಂಡ. ಅವನ ಸುತ್ತ ಬೆಳೆದ ಊರಿಗೆ ಸಾಂಟೊ ದೊಮಿಂಗೊ ದೆ ಲಾ ಕಾಲ್ಸಾದಾ, ಅಂದರೆ ಕಲ್ಲುಹಾಸಿನ ದಾರಿಯ ಸಂತ ದೊಮಿಂಗೊ ಎಂದೇ ಹೆಸರು. ಅವನು ಸಾಂಟಿಯಾಗೊಗೆ ಎಷ್ಟು ಸಲ ಹೋದ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಾಲದಲ್ಲಿ ಓ ಸೆಬ್ರೇರೊದ ಪಾದ್ರಿ ಎಲಿಯಾಸ್ ವಲಿನ್ಯಾ ಇದ್ದರು. ಯಾತ್ರಿಕರು ಬಹಳ ವಿರಳವಾಗಿದ್ದ 1980ರ ದಶಕದಲ್ಲಿ ಅವರು ಹಳದಿ ಬಣ್ಣ ಹಿಡಿದು ಊರೂರು ಸುತ್ತಿ, ಮರ, ಗೋಡೆ, ಬಂಡೆಗಳ ಮೇಲೆ ಬಾಣದ ಗುರುತು ಬರೆದರು. ಇಂದು ಲಕ್ಷಾಂತರ ಜನ ದಾರಿ ತಪ್ಪದೆ ಹೋಗುವುದು ಆ ಬಾಣಗಳನ್ನು ನೋಡಿಕೊಂಡು.

ಈ ದಾರಿಯನ್ನು ಹೊತ್ತವರಲ್ಲಿ ಮುಸ್ಲಿಮರ ಕೈಗಳೂ ಇವೆ. ಸಹಗೂನ್ ಎಂಬ ಪಟ್ಟಣದ ಇಟ್ಟಿಗೆಯ ಇಗರ್ಜಿಗಳು ಮುದೇಹಾರ್ ಶೈಲಿಯವು. ಕ್ರೈಸ್ತರ ಆಳ್ವಿಕೆಯಲ್ಲಿ ಉಳಿದ ಮುಸ್ಲಿಮ್ ಕುಶಲಕರ್ಮಿಗಳಿಂದ ಬೆಳೆದ ಶೈಲಿ ಅದು. ಲಾಳದ ಆಕಾರದ ಕಮಾನುಗಳು ಅಲ್ಲಿ ಇಗರ್ಜಿಯ ಗೋಡೆಯಲ್ಲಿವೆ. ತೊರ್ರೆಸ್ ದೆಲ್ ರಿಯೊ ಎಂಬ ಸಣ್ಣ ಊರಿನ ಎಂಟು ಮೂಲೆಯ ಇಗರ್ಜಿಯಲ್ಲಿ ತಲೆಯೆತ್ತಿದರೆ ಕುರ್ತುಬಾ ಮಸೀದಿಯ ಗುಮ್ಮಟದ ಹಾಗೆಯೇ ಪಟ್ಟಿಗಳು ಹೆಣೆದು ನಕ್ಷತ್ರವಾಗಿವೆ. ಬುರ್ಗೋಸಿನಲ್ಲಿ ನಿಂತ ವೀರ ಎಲ್ ಸಿದ್‌ನ ಬಿರುದು ನಮ್ಮ ಸಯ್ಯಿದ್ ಎಂಬ ಶಬ್ದವೇ. ದಾರಿಯ ಪ್ರತಿ ಪಟ್ಟಣದ ಮೇಯರನ್ನು ಅಲ್ಕಾಲ್ದೆ ಎನ್ನುತ್ತಾರೆ. ಅದು ಅಲ್-ಕಾಜಿ. ಗಾರೆಯವನು ಅಲ್ಬನ್ಯಿಲ್, ಅದು ಅಲ್-ಬನ್ನಾ. ಹಾಗಾಗಲಿ ಎಂದು ಹಾರೈಸುವಾಗ ಓಹಲಾ ಎನ್ನುತ್ತಾರೆ. ಅದರೊಳಗೆ ಅಲ್ಲಾಹನ ಹೆಸರಿದೆ. ಸೈಕಲ್ಲಿನ ಯಾತ್ರಿಕ ವೇಗದಲ್ಲಿ ಇದನ್ನೆಲ್ಲ ದಾಟಿ ಹೋಗಬಹುದು. ಆದರೆ ನಡೆದುಹೋಗುವವನಿಗೆ ಇದೆಲ್ಲ ತಾನಾಗಿ ಕಾಣುತ್ತದೆ ಎಂಬ ಭರವಸೆ ಏನೂ ಇಲ್ಲ. ನೋಡಲು ಬೇಕಾದದ್ದು ನಿಧಾನ ಮಾತ್ರವಲ್ಲ, ಇದು ಯಾರ ಕೈಯ ಕೆಲಸ ಎಂದು ಕೇಳುವ ಮನಸ್ಸು. ಅದಿದ್ದವನು ಬ್ರೇಕ್ ಹಿಡಿದು ಇಳಿಯುತ್ತಾನೆ.

ಇಂದಿನ ಹೆಗಲುಗಳ ಮಾತೂ ಇದೆ. ಸಾಂಟಿಯಾಗೊದ ಜನಸಂಖ್ಯೆ ಸುಮಾರು ಒಂದು ಲಕ್ಷ. ವರ್ಷಕ್ಕೆ ಅದರ ಐದು ಪಟ್ಟು ಯಾತ್ರಿಕರು, ಅವರ ಮೇಲೆ ಪ್ರವಾಸಿಗರು. ಹಳೆಯ ಊರಿನ ಮನೆಗಳು ಬಾಡಿಗೆ ಕೋಣೆಗಳಾಗುತ್ತಿವೆ, ಬಾಡಿಗೆ ಏರುತ್ತಿದೆ, ರಾತ್ರಿ ನಿದ್ದೆ ಇಲ್ಲ ಎಂದು ಅಲ್ಲಿಯ ನಿವಾಸಿಗಳು ದೂರುತ್ತಾರೆ. ಯಾತ್ರಿಕನಿಗೆ ಅದು ಪುಣ್ಯದ ಊರು, ಅಲ್ಲಿ ಹುಟ್ಟಿದವನಿಗೆ ಮನೆ. ನಮ್ಮ ಉರೂಸು, ಜಾತ್ರೆ, ಮೆರವಣಿಗೆಗಳಿಗೂ ಈ ಮಾತು ಹೊಂದುತ್ತದೆ. ನಮ್ಮ ಭಕ್ತಿ ಹಾದುಹೋಗುವ ಬೀದಿಯಲ್ಲಿ ಕಾಯಿಲೆಯವರು, ಪರೀಕ್ಷೆಗೆ ಓದುವ ಮಕ್ಕಳು, ನಮ್ಮ ನಂಬಿಕೆ ಇಲ್ಲದವರು ಇರುತ್ತಾರೆ. ನಮ್ಮ ಸಡಗರದ ಭಾರ ಅವರ ಮೇಲೆ ಬೀಳುತ್ತದೆಯೇ ಎಂದು ನೋಡುವುದು ಭಕ್ತಿಗೆ ಹೊರತಾದದ್ದಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೀಗೆ ಲೆಕ್ಕ ಹಾಕುತ್ತ ಕುಳಿತರೆ ಯಾರೂ ಮನೆ ಬಿಡುವಂತಿಲ್ಲ. ಪ್ರತಿ ಪಯಣಕ್ಕೂ ಯಾರದೋ ದುಡಿಮೆ ಬೇಕು. ಅಡುಗೆಯವರು, ಹಾಸಿಗೆ ಹಾಕುವವರು, ಸೈಕಲ್ ರಿಪೇರಿಯವರು. ಮಾತು ನಿಜ. ಆದರೆ ಮನಸ್ಸಿನಿಂದ ಕೊಟ್ಟ ಹೆಗಲಿಗೂ ಬಲವಂತದಿಂದ ಪಡೆದ ಹೆಗಲಿಗೂ ವ್ಯತ್ಯಾಸವಿದೆ. ನ್ಯಾಯವಾದ ಕೂಲಿ ಪಡೆದವನ ಶ್ರಮ ಬೇರೆ, ಸೆರೆಯಾಳಿನ ಶ್ರಮ ಬೇರೆ. ಈ ದಾರಿಯ ಎಷ್ಟೋ ಮುಸಾಫಿರ್‌ಖಾನೆಗಳಲ್ಲಿ ಹಿಂದೆ ಯಾತ್ರೆ ಮಾಡಿದವರೇ ರಜೆ ಹಾಕಿ ಬಂದು, ಸಂಬಳವಿಲ್ಲದೆ ನೆಲ ಒರೆಸುತ್ತಾರೆ, ಸಾರು ಬಡಿಸುತ್ತಾರೆ. ತಮಗೆ ಹೆಗಲು ಕೊಟ್ಟವರ ಋಣವನ್ನು ಅವರು ಮುಂದೆ ಬರುವವರಿಗೆ ತೀರಿಸುತ್ತಿದ್ದಾರೆ.

ನಮ್ಮ ಹಜ್ಜ್ ಕೂಡ ಒಂದು ಕಾಲದಲ್ಲಿ ದಾರಿಯೇ ಆಗಿತ್ತು. ಜನ ನಡೆದು, ಸೊರಗಿದ ಸವಾರಿ ಪ್ರಾಣಿಗಳನ್ನೇರಿ, ದೂರದ ಕಣಿವೆಗಳಿಂದ ಬರುವ ಚಿತ್ರ ಕುರ್‌ಆನಿನ ಹಜ್ಜ್ ಅಧ್ಯಾಯದಲ್ಲಿದೆ. ಈಗ ಅದು ವಿಮಾನದ ಕೆಲವು ಗಂಟೆಗಳು. ಆದರೂ ದಾರಿಯ ಆಸೆ ಕೆಲವರನ್ನು ಬಿಟ್ಟಿಲ್ಲ. 2017ರಲ್ಲಿ ಎಂಟು ಜನ ಬ್ರಿಟಿಷ್ ಮುಸ್ಲಿಮರು ಲಂಡನ್ನಿನಿಂದ ಮದೀನಾದವರೆಗೆ ಸೈಕಲ್ ತುಳಿದರು. 2022ರಲ್ಲಿ ಕೇರಳದ ಯುವಕನೊಬ್ಬ ಕಾಲ್ನಡಿಗೆಯಲ್ಲಿ ಹೊರಟು, ನಮ್ಮ ಕರಾವಳಿಯ ಹೆದ್ದಾರಿಯಲ್ಲೇ ಹಾದು ಹೋದ. ದಕ್ಷಿಣ ಸ್ಪೇನಿನ ಕೆಲವು ಮುಸ್ಲಿಮರು ಕುದುರೆಯೇರಿ ಹೊರಟು 2025ರ ಹಜ್ಜಿಗೆ ತಲುಪಿದರು. ಇವರನ್ನು ಕಂಡು ಕೆಲವರು ಹೊಗಳಿದರು. ವಿಮಾನ ಇರುವಾಗ ಇದೆಲ್ಲ ಯಾಕೆ ಎಂದು ಕೆಲವರು ಕೇಳಿದರು. ಎರಡು ಗುಂಪಿನವರೂ ಮಾತಾಡುತ್ತಿದ್ದದ್ದು ವಾಹನದ ಬಗ್ಗೆ.

ವಾಹನವೇ ಇಲ್ಲದ, ಹೋಗದೇ ಇದ್ದ ಒಬ್ಬ ಯಾತ್ರಿಕನ ಕಥೆಯನ್ನು ಸೂಫಿ ಕವಿ ಅತ್ತಾರ್ ತಮ್ಮ ತಜ್ಕಿರತುಲ್ ಔಲಿಯಾದಲ್ಲಿ ಬರೆದಿದ್ದಾರೆ. ಆ ವರ್ಷ ಹಜ್ಜಿಗೆ ಬಂದ ಲಕ್ಷಾಂತರ ಜನರಲ್ಲಿ ಯಾರ ಹಜ್ಜೂ ಸ್ವೀಕಾರವಾಗಿಲ್ಲ, ಆದರೆ ದಮಾಸ್ಕಸ್ಸಿನಲ್ಲೇ ಉಳಿದ ಒಬ್ಬ ಚಮ್ಮಾರನ ಹಜ್ಜ್ ಸ್ವೀಕಾರವಾಗಿದೆ, ಅವನಿಂದಾಗಿ ಎಲ್ಲರದೂ ಸ್ವೀಕಾರವಾಯಿತು ಎಂದು ಅಬ್ದುಲ್ಲಾ ಬಿನ್ ಮುಬಾರಕರಿಗೆ ಕನಸಾಯಿತು. ಹುಡುಕಿ ಹೋದರೆ ತಿಳಿದದ್ದು ಇಷ್ಟು. ಆ ಚಮ್ಮಾರ ವರ್ಷಗಟ್ಟಲೆ ಹಜ್ಜಿಗಾಗಿ ಕೂಡಿಟ್ಟಿದ್ದ. ಪಕ್ಕದ ಮನೆಯ ಮಕ್ಕಳು ದಿನಗಟ್ಟಲೆ ಉಪವಾಸವಿದ್ದು, ಬೇರೆ ದಾರಿ ಕಾಣದೆ ಸತ್ತ ಪ್ರಾಣಿಯ ಮಾಂಸ ಬೇಯಿಸುತ್ತಿದ್ದಾರೆಂದು ಗೊತ್ತಾದಾಗ, ಕೂಡಿಟ್ಟದ್ದನ್ನೆಲ್ಲ ಅವರಿಗೆ ಕೊಟ್ಟುಬಿಟ್ಟ. ಅವನು ಒಂದು ಹೆಜ್ಜೆಯೂ ನಡೆಯಲಿಲ್ಲ. ಪಕ್ಕದ ಮನೆಯ ಭಾರ ಹೊತ್ತ. ಸಾವಿರಾರು ಮೈಲಿ ನಡೆದು ಬಂದವರ ಹಜ್ಜ್ ಕೂಡ ಕೊನೆಗೆ ಅವನ ಹೆಗಲ ಮೇಲೆ ತಲುಪಿತು.

ನೂರು ಕಿಲೋಮೀಟರೋ ಇನ್ನೂರೋ ಎಂಬುದು ಕಚೇರಿಯವರಿಗೆ ಬೇಕಾದ ಲೆಕ್ಕ. ಕಚೇರಿಗೆ ಮೊಹರು ಬೇಕು, ಅದರಲ್ಲಿ ತಪ್ಪಿಲ್ಲ. ನಿಯ್ಯತ್ತು ಅಲ್ಲಾಹನಿಗೆ ಮಾತ್ರ ಗೊತ್ತು, ಅದನ್ನು ಇನ್ನೊಬ್ಬರು ಅಳೆಯಲಾಗದು. ಆದರೆ ಇವೆರಡರ ನಡುವೆ ನಾವೇ ನೋಡಿಕೊಳ್ಳಬಹುದಾದ ಮೂರನೆಯ ಲೆಕ್ಕವೊಂದಿದೆ. ನನ್ನ ಭಾರವನ್ನು ಯಾರ ಮೇಲೆ ಹಾಕಿದೆ, ಯಾರ ಭಾರವನ್ನು ತುಸುವಾದರೂ ಇಳಿಸಿದೆ ಎಂಬುದು. ಇಡೀ ದಿನ ತುಳಿದು ಬಂದ ಸೈಕಲ್ಲಿನವನು ಮುಸಾಫಿರ್‌ಖಾನೆಯ ಗೋಡೆಗೆ ಸೈಕಲ್ ಒರಗಿಸಿ, ಕುಂಟುತ್ತ ಬರುವ ಕೊನೆಯ ನಡಿಗೆಯವನಿಗೂ ಹಾಸಿಗೆ ಸಿಗಲಿ ಎಂದು ಗೊಣಗದೆ ಕಾಯುತ್ತಾನಲ್ಲ, ಅವನಿಗೆ ಆ ದಿನದ ಮೊಹರು ಅಲ್ಲಿಯೇ ಬಿದ್ದಿರುತ್ತದೆ.